ಮಾವ ತಂದ ಹಸಿರು ಸೀರೆ

ಸತ್ತಿ
೧೬ ನವೆಂಬರ್ ೧೯೮೭

ಮಂಗಲಾ,

ಮಗು ಮಲಗಿದೆ, ಅತ್ತೆ ಮಲಗಿದ್ದಾರೆ, ಕೊಟ್ಟಿಗೆಯಲ್ಲಿ ಎಮ್ಮೆಯೂ ಮಲಗಿದೆ. ಮೂವರೂ ಒಂದೇ ಸಲ ಸುಮ್ಮನಾಗುವುದು ಈ ಮನೆಯಲ್ಲಿ ದೊಡ್ಡ ಹಬ್ಬ, ಅದಕ್ಕೇ ಬರೆಯಲು ಕೂತೆ. ಕಾಗದವನ್ನು ಕೊಗನೊಳ್ಳಿಗೆ ಹಾಕುತ್ತಿಲ್ಲ, ನಿಪ್ಪಾಣಿಯಲ್ಲಿ ನಿನ್ನ ಗೆಳತಿ ನೂರಜಾನಬಿಯ ಮನೆಗೆ ಹಾಕುತ್ತಿದ್ದೇನೆ. ಊರಿಗೆ ಹಾಕಿದರೆ ಅಪ್ಪ ಅಂಗಳದಲ್ಲಿ ನಿಂತು ಓಣಿಗೆಲ್ಲ ಕೇಳುವ ಹಾಗೆ ಓದುತ್ತಾನೆ, ನೀನೇ ಬಲ್ಲೆ.

ನಿನ್ನ ಜ್ಞಾನದೇವ ಮೊನ್ನೆ ತಾನಾಗಿ ಬೋರಲು ಬಿದ್ದ. ಹೊಟ್ಟೆಯ ಕೆಳಗೆ ಸಿಕ್ಕ ಕೈ ತೆಗೆಯಲು ಬಾರದೆ ಊರು ಎದ್ದು ಕೂಡುವ ಹಾಗೆ ಕಿರುಚಿದ. ಐದು ತಿಂಗಳ ಕೂಸು ಇಷ್ಟು ಮಾಡಿದ್ದಕ್ಕೆ ಅತ್ತೆ ಕಡುಬು ಮಾಡಿ ಓಣಿಗೆಲ್ಲ ಹಂಚಿದರು.

ಈಗ ನಿನ್ನ ಮಾತು. ದೀಪಾವಳಿ ಸೂಟಿಯಲ್ಲಿ ಮಗು ಆಡಿಸಲು ಬಂದವಳು ನೀನು ಇಲ್ಲಿಯೇ ದೊಡ್ಡವಳಾದೆ. ಅದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನ್ನ ಬಟ್ಟೆಯನ್ನು ಕೂಸಿನ ಬಟ್ಟೆಯ ಬುಟ್ಟಿಯ ತಳಕ್ಕೆ ಹಾಕಿ ಕೃಷ್ಣೆಗೆ ಒಯ್ದು ಒಗೆದೆ. ಹಸುಗೂಸಿನ ತಾಯಿಯ ಬುಟ್ಟಿಗೆ ಯಾರೂ ಇಣುಕುವುದಿಲ್ಲ.

ಬಾಯಿ ಬಿಡಬೇಡ. ನಿನ್ನನ್ನು ತೊಟ್ಟಿಲಿಗೆ ಹಾಕಿದ ದಿನವೇ ಆಯಿ, ಅವ್ವನನ್ನು ಹೆತ್ತ ನಮ್ಮ ದೊಡ್ಡ ಸರಕಾರ, ನಿನ್ನ ತುಟಿಗೆ ಸಕ್ಕರೆ ಹಚ್ಚಿ "ಇದು ನಮ್ಮ ರಾವಸಾಹೇಬಂದು" ಅಂದಿದ್ದಳು. ಅವ್ವನ ತಮ್ಮ ರಾವಸಾಹೇಬ ಮಾವ ಮೂವತ್ತು ದಾಟಿದರೂ ನಿನಗಾಗಿ ಕಾದಿದ್ದೇನೆ ಅಂತ ಉಗಾರ ಬುದ್ರುಕದ ಕಬ್ಬಿನ ಗದ್ದೆಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸುದ್ದಿ ಮುಟ್ಟಿದ ಮರುದಿನ ಹಸಿರು ಸೀರೆ, ಹಸಿರು ಬಳೆ ಹಿಡಿದು ಬರುತ್ತಾನೆ. ಮೊದಲ ಸೀರೆ ತರುವುದು ಸೋದರಮಾವನ ಹಕ್ಕು. ಬಾಳೆಕಂಬ, ಬಣ್ಣದ ಕಾಗದ ಕಟ್ಟಿದ ಮಖರದಲ್ಲಿ ಕೂಡಿಸಿ ಅದನ್ನು ಉಡಿಸಿದರೆ ನಿನ್ನ ಶಾಲೆ ಅಲ್ಲಿಗೆ ಮುಗಿಯಿತು, ಆ ವರ್ಷವೇ ಮದುವೆ.

ನನಗೆ ಸೀರೆ ತಂದವನು ದೊಡ್ಡ ಮಾವ, ಕಟ್ಟಿಕೊಂಡವರು ಸತ್ತಿಯವರು, ಆದರೂ ಶಾಲೆ ಬಿಡಿಸಿದ್ದು ಸೀರೆಯೇ. ಎಂಟನೆಯ ತರಗತಿಯ ಭೂಗೋಳ ಅರ್ಧಕ್ಕೆ ಮುಚ್ಚಿದೆ. ಗೋದಾವರಿ ಯಾವ ಕಡೆ ಹೋಗಿ ಸಮುದ್ರ ಸೇರುತ್ತದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನೀನು ಹತ್ತನೆಯದು ಪಾಸಾಗು, ಮಾಸ್ತರಿಣಿ ಟ್ರೇನಿಂಗಿಗೆ ಸೇರು. ಕೈಯಲ್ಲಿ ಅಷ್ಟು ಬಂದ ಮೇಲೆ ಯಾರು ಏನು ಮಾಡುತ್ತಾರೋ ನೋಡೋಣ.

ನಿನ್ನ ಅಕ್ಕ,
ಶಿವಗಂಗಾ


ನಿಪ್ಪಾಣಿ
೨೦ ಜನವರಿ ೧೯೮೮

ಅಕ್ಕಾ,

ನೂರಜಾನಳ ಮನೆಯ ಅಟ್ಟದ ಮೇಲೆ ಕೂತು ಬರೆಯುತ್ತಿದ್ದೇನೆ. ಕೆಳಗೆ ಅವಳ ಅಪ್ಪ ನಜೀರಸಾಬರ ಹೊಲಿಗೆ ಮಷೀನು ಸದ್ದು ಮಾಡುತ್ತಿದೆ. ಅವರ ಅಂಗಡಿಯ ಚಿಂದಿಯಲ್ಲಿ ನೂರಜಾನ ನನಗೆ ಬೇಕಾದಷ್ಟು ಮೆತ್ತಗಿನ ತುಂಡು ಆರಿಸಿ ಇಟ್ಟಿರುತ್ತಾಳೆ. ಗೊಂಬೆಗೆ ಅಂಗಿ ಹೊಲಿಯುತ್ತೇವೆ ಅಂತ ಅವರಿಗೆ ಹೇಳಿದ್ದೇವೆ. ಹದಿನಾಲ್ಕು ವರ್ಷದ ಹುಡುಗಿಯರಿಗೆ ಅದೆಂಥ ಗೊಂಬೆ ಅಂತ ಆ ಪುಣ್ಯಾತ್ಮ ಒಂದು ದಿನವೂ ಕೇಳಿಲ್ಲ.

ಬುದ್ಧಿ ಹೇಳಿ ಕಳಿಸುವುದು ನಿನಗೆ ಸುಲಭ. ಬಚ್ಚಿಡುವುದು ಬಟ್ಟೆಯನ್ನಷ್ಟೇ ಅಂದುಕೊಂಡಿದ್ದೆ. ಈಗ ನೋಡಿದರೆ ಇಡೀ ನನ್ನನ್ನೇ ಬಚ್ಚಿಡಬೇಕು. ಸುಮ್ಮನೆ ಒಂದು ಕಡೆ ಕೂತರೆ ಎದುರು ಮನೆಯ ಸುಂದರಾಬಾಯಿ "ಯಾಕ ಬೇ, ದೊಡ್ಡಾಕಿ ಆದೇನ?" ಅನ್ನುತ್ತಾಳೆ. ಅದಕ್ಕೆ ಹೊಟ್ಟೆ ಹಿಂಡುತ್ತಿದ್ದರೂ ಎದ್ದು ತಂಗಿ ಚನ್ನಿಯ ಜೊತೆ ಕುಂಟಬಿಲ್ಲೆ ಆಡುತ್ತೇನೆ. ಪರಕಾರ ಎತ್ತಿ ಕಟ್ಟಿ ಕುಣಿಯುತ್ತೇನೆ. ಎಲ್ಲರೂ ನಗುತ್ತಾರೆ, ಹುಡುಗಾಟದ ಹುಡುಗಿ ಅನ್ನುತ್ತಾರೆ, ನನಗೆ ಅಳು ಬರುತ್ತದೆ.

ಚನ್ನಿಗೆ ಹನ್ನೊಂದು ತುಂಬಿತಷ್ಟೆ, ಆಗಲೇ ನನ್ನ ಭುಜ ದಾಟಿದ್ದಾಳೆ. ತಂಬಾಕಿನ ಹೊಲದಲ್ಲಿ ಗಿಡದ ನಡುವೆ ನಿಂತರೆ ತಲೆ ಕಾಣುತ್ತದೆ. ರೊಟ್ಟಿ ತಿನ್ನುವುದು ನೋಡಿದರೆ ಅಪ್ಪನಿಗೂ ಭಯ. ಅವ್ವನ ಸೀರೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಲ್ಲುವುದೊಂದೇ ಕೆಲಸ.

ಸಂಕ್ರಾಂತಿಗೆ ಜ್ಞಾನದೇವನಿಗೆ ಕರಿ ಎರೆದಿರಾ? ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ತುಂಡು ಸುರಿದಾಗ ಅತ್ತನೋ ನಕ್ಕನೋ ಬರೆ.

ನಿನ್ನ ಹುಡುಗಾಟದ ತಂಗಿ,
ಮಂಗಲಾ


ಸತ್ತಿ
೮ ಮೇ ೧೯೮೮

ಮಂಗಲಾ,

ಅಳಲಿಲ್ಲ, ನಗಲಿಲ್ಲ. ಬಿದ್ದ ಬೋರೆಹಣ್ಣು ಹಿಡಿದು ನೇರ ಬಾಯಿಗೆ ಹಾಕಿಕೊಂಡ. ಅದು ಆಗಿ ಈಗ ಎಷ್ಟೋ ದಿನ ಆಯಿತು, ಉತ್ತರ ಬರೆಯಲು ನನಗೆ ಕೈಯೇ ಬಿಡುವಾಗಲಿಲ್ಲ.

ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಮಾವನವರು ತೆಂಗಿನಕಾಯಿ ಒಡೆದು ಚುರಮುರಿ ಬೀರಿದರು. ಹೊಸ್ತಿಲಿನಾಚೆ ಒಲೆ, ಬಾವಿ, ಎತ್ತು ಎಲ್ಲ ಇವೆಯಲ್ಲ. ಅದಕ್ಕೆ ಮರುದಿನದಿಂದಲೇ ಹಳೆಯ ಸೀರೆಯ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ತುದಿ ಕಂಬಕ್ಕೆ. ನಾನು ಕಬ್ಬಿನ ಕಳೆಗೆ ಹೋಗಬೇಕು, ಅತ್ತೆಗೆ ಓಡಲು ಆಗುವುದಿಲ್ಲ, ಬೇರೆ ದಾರಿ ಇಲ್ಲ. ಸೀರೆ ಬಿಗಿಯಾಗುವ ತನಕ ಹೋಗುತ್ತಾನೆ, ಅಲ್ಲಿ ಕೂತು ಬಾಗಿಲು ನೋಡುತ್ತಾನೆ. ನಾನು ಬಂದು ಬಿಚ್ಚಿದರೆ ನನ್ನ ಮೇಲೆ ಸಿಟ್ಟು ಮಾಡಿ ಹೊಡೆಯುತ್ತಾನೆ.

ಕಳೆ ಕೀಳುವಾಗ ಒಂದು ಯೋಚನೆ ಬಂತು. ಅವನ ಮೈ ಒಂದು ಹೊಸದು ಕಲಿತರೆ ಮನೆಗೆಲ್ಲ ಸಿಹಿ. ನಿನ್ನ ಮೈಯೂ ತನ್ನಷ್ಟಕ್ಕೆ ಒಂದು ಹೊಸದು ಕಲಿಯಿತು, ಅದನ್ನು ಕಳ್ಳಮಾಲಿನ ಹಾಗೆ ಬುಟ್ಟಿಯ ತಳದಲ್ಲಿ ಇಟ್ಟೆ. ಸಿಟ್ಟು ಬಂದು ಎರಡು ಕಬ್ಬಿನ ಸಸಿಯನ್ನೇ ಕಿತ್ತುಬಿಟ್ಟೆ. ಇವರು ಬೈದರು.

ನೀನು ಹತ್ತನೆಯ ತರಗತಿಗೆ ಬಂದೆ. ಇನ್ನೊಂದೇ ವರ್ಷ ತಡೆ.

ನಿನ್ನ ಅಕ್ಕ,
ಶಿವಗಂಗಾ


ನಿಪ್ಪಾಣಿ
೨೨ ಆಗಸ್ಟ್ ೧೯೮೮

ಅಕ್ಕಾ,

ಆಯಿ ಬಂದು ಮನೆಯಲ್ಲಿ ಕೂತಿದ್ದಾಳೆ. ಹದಿನೈದು ತುಂಬಿದರೂ ಹುಡುಗಿ ದೊಡ್ಡವಳಾಗಿಲ್ಲ, ಇದರಲ್ಲಿ ಏನೋ ಐಬು ಇದೆ ಅಂತ ಅವಳು ದಿನಾ ಅವ್ವನನ್ನು ತಿನ್ನುತ್ತಾಳೆ. ನನ್ನನ್ನು ಬೈದರೆ ತಡೆಯಬಹುದಿತ್ತು. ಆಕೆ ಬೈಯುವುದು ಅವ್ವನನ್ನು. ಬಸುರಿ ಇದ್ದಾಗ ಏನು ತಿಂದೆ, ಯಾವ ಹರಕೆ ಮರೆತೆ ಅಂತ ಕೇಳುತ್ತಾಳೆ.

ಅವ್ವ ಸೋಮವಾರ ಒಪ್ಪತ್ತು ಹಿಡಿದಿದ್ದಾಳೆ, ನನಗೂ ಹಿಡಿಸಿದ್ದಾಳೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಬಟ್ಟಲು ಕಹಿ ಕಷಾಯ. ಕುಡಿಯುವಾಗ ಅವ್ವ ನನ್ನ ಗದ್ದ ಹಿಡಿದು ಬೆನ್ನು ಸವರುತ್ತಾಳೆ. ಒಮ್ಮೆ ಕಷಾಯ ಕುಡಿದ ದಿನವೇ ನನಗೆ ಆಗಿತ್ತು, ಅದನ್ನು ಮುಚ್ಚಿಟ್ಟುಕೊಂಡೇ ಕುಡಿದೆ. ಅಕ್ಕಾ, ಇಷ್ಟು ಕೆಟ್ಟವಳು ನಾನಾಗಿರಲಿಲ್ಲ.

ಹೋದ ವಾರ ಚಿಕ್ಕೋಡಿಗೆ ಡಾಕ್ಟರ್ ಬಾಯಿಯ ಹತ್ತಿರ ಕರೆದೊಯ್ದಳು. ಆಕೆ ಅವ್ವನನ್ನು ಹೊರಗೆ ಕೂಡಿಸಿ ನನ್ನನ್ನು ಕೇಳಿದಳು. ನಾನು ನೆಲ ನೋಡುತ್ತ ನಿಂತೆ. ಆಕೆ ನನ್ನ ಮುಖ ನೋಡಿ, ಯಾವ ತರಗತಿ ಅಂತ ಕೇಳಿದಳು. ಹತ್ತನೆಯದು ಅಂದೆ. ಆಮೇಲೆ ಅವ್ವನನ್ನು ಕರೆದು "ಕೆಲವರಿಗೆ ತಡಾ ಆಗತೈತ್ರಿ, ಸಾಲಿ ಮುಗೀಲಿ, ಅವಸರ ಮಾಡಬ್ಯಾಡ್ರಿ" ಅಂದಳು. ಬಸ್ಸಿನಲ್ಲಿ ಅವ್ವ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಂದಳು.

ನಾನು ಅವ್ವನಿಗೆ ಹೇಳಿಬಿಡಲಾ?

ಮಂಗಲಾ


ಸತ್ತಿ
೫ ಸೆಪ್ಟೆಂಬರ್ ೧೯೮೮

ಮಂಗಲಾ,

ಬೇಡ. ಅವ್ವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಆಯಿ ಎರಡು ಸಲ ಗದರಿದರೆ ಎಲ್ಲ ಹೊರಗೆ ಬರುತ್ತದೆ. ಅವ್ವನ ಅಳು ಮಾರ್ಚ್ ಪರೀಕ್ಷೆಯ ತನಕದ್ದು. ನಿನ್ನದು ಹಾಗಲ್ಲ.

ಹೊಳೆ ತುಂಬಿ ನಮ್ಮ ಗದ್ದೆಯ ಅಂಚಿಗೆ ಬಂದಿದೆ. ಜ್ಞಾನದೇವ ಈಗ ನಡೆಯುತ್ತಾನೆ, ಅದಕ್ಕೆ ಕಂಬದ ಗಂಟನ್ನು ಇನ್ನೂ ಬಿಗಿ ಮಾಡಿದ್ದೇನೆ. ಒಂದು ಮಾತು ಬಂದಿದೆ ಅವನಿಗೆ, "ಬಿಚ್ಚ" ಅಂತ. ಬೇರೆ ಮಕ್ಕಳು ಅವ್ವ ಅನ್ನುತ್ತವೆ, ಇವನಿಗೆ ಮೊದಲು ಬಂದದ್ದು ಇದು. ಅತ್ತೆ ಬಿದ್ದು ಬಿದ್ದು ನಕ್ಕರು.

ಗಣಿತ ಬಿಡಬೇಡ.

ಶಿವಗಂಗಾ


ನಿಪ್ಪಾಣಿ
೨೪ ನವೆಂಬರ್ ೧೯೮೮

ಅಕ್ಕಾ,

ಚನ್ನಿ ದೊಡ್ಡವಳಾದಳು.

ಅವಳ ಬಾಯಿ ನಿನಗೆ ಗೊತ್ತಲ್ಲ. ಹೆದರಲಿಲ್ಲ, ಮುಚ್ಚಲಿಲ್ಲ, ಹಿತ್ತಲಿನಿಂದ ಅಂಗಳದ ತನಕ "ಅವ್ವಾ, ನಾ ಮಂಗಲಕ್ಕಗಿಂತ ಮೊದಲ ಆದೆ" ಅಂತ ಕೂಗುತ್ತ ಓಡಿ ಬಂದಳು. ಆಯಿ ಅಲ್ಲಿಯೇ ಬಾಯಿಗೆ ಸಕ್ಕರೆ ಹಾಕಿದಳು. ಮೂರನೆಯ ದಿನಕ್ಕೆ ಮಾವ ಹಸಿರು ಸೀರೆ ತಂದ. ಮಖರ ಕಟ್ಟಿದರು, ಓಣಿಯ ಹೆಂಗಸರು ಹಾಡಿದರು. ಚನ್ನಿ ಅದರೊಳಗೆ ಕೂತು ಕಾಲು ಅಲ್ಲಾಡಿಸುತ್ತ ಉಂಡಿ ತಿಂದಳು. ಸೀರೆಯ ಅರ್ಧ ಭಾಗ ಸೊಂಟಕ್ಕೇ ಸುತ್ತಿದ್ದರು, ಇಲ್ಲದಿದ್ದರೆ ನೆಲ ಗುಡಿಸುತ್ತಿತ್ತು. ಅವಳಿಗಿನ್ನೂ ಹನ್ನೆರಡೂ ತುಂಬಿಲ್ಲ.

ಎಲ್ಲ ಹೋದ ಮೇಲೆ ಆಯಿ ಅಪ್ಪನಿಗೆ ಹೇಳಿದಳು, ಮಂಗಲಾಳನ್ನು ಕಾಯುತ್ತ ಕೂತರೆ ತನ್ನ ಮಗ ಮುದುಕನಾಗುತ್ತಾನೆ, ಅದು ಆಗುವ ಗಿಡವಲ್ಲ, ಚನ್ನವ್ವನನ್ನು ಕೊಡಿ ಅಂತ. ಮಾವ ಬೇಡ ಅನ್ನಲಿಲ್ಲ, ಟ್ರ್ಯಾಕ್ಟರಿನ ಕೀಲಿಕೈ ತಿರುಗಿಸುತ್ತ ಕೂತಿದ್ದ. ಅಪ್ಪ ಅವ್ವನ ಮುಖ ನೋಡಿದ. ಅವ್ವ ನನ್ನ ಮುಖ ನೋಡಿದಳು. ಎಳ್ಳಮಾವಾಸ್ಯೆಯ ಹೊತ್ತಿಗೆ ಸಕ್ಕರೆ ಹಂಚಿ ಮಾತು ಗಟ್ಟಿ ಮಾಡುವುದಂತೆ, ಯುಗಾದಿಯ ನಂತರ ಮದುವೆಯಂತೆ. ಚನ್ನಿಯನ್ನು ಶಾಲೆಯಿಂದ ಆಗಲೇ ಬಿಡಿಸಿದ್ದಾರೆ.

ನನಗಾಗಿ ತೋಡಿದ ಗುಂಡಿಗೆ ಆ ಕೂಸು ಕುಣಿಯುತ್ತ ಇಳಿಯುತ್ತಿದೆ. ನಾನು ಪಕ್ಕದಲ್ಲಿ ನಿಂತು ಗಣಿತ ಮಾಡುತ್ತಿದ್ದೇನೆ.

ಮಂಗಲಾ


ಸತ್ತಿ
೨ ಡಿಸೆಂಬರ್ ೧೯೮೮

ಮಂಗಲಾ,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ.

ಏನು ಹೇಳಲಿ? ಹೇಳು ಅಂದರೆ ನೀನು ಹೋಗುತ್ತೀ, ಬೇಡ ಅಂದರೆ ಚನ್ನಿ ಹೋಗುತ್ತಾಳೆ. ನಾನೇ ಬಂದು ಸಾಕ್ಷಿ ಹೇಳಬೇಕು ಅಂತ ಮನಸ್ಸು ಅನ್ನುತ್ತದೆ. ಆದರೆ ಈ ಮನೆಯಲ್ಲಿ ಇಂಥದ್ದನ್ನು ಮುಚ್ಚಿಟ್ಟೆ ಅಂತ ಗೊತ್ತಾದರೆ ಅತ್ತೆ ನನ್ನನ್ನು ತವರಿಗೆ ಅಟ್ಟುತ್ತಾರೆ, ಮಗುವನ್ನು ಇಟ್ಟುಕೊಳ್ಳುತ್ತಾರೆ. ಹಿಂದೆ ಇವರ ಅತ್ತಿಗೆಗೆ ಹಾಗೆಯೇ ಮಾಡಿದ್ದಾರೆ. ನನಗೆ ಹೆದರಿಕೆಯಾಗುತ್ತದೆ, ಮಂಗಲಾ. ನಿನಗೆ ಇಷ್ಟು ದಿನ ದೊಡ್ಡ ದೊಡ್ಡ ಮಾತು ಹೇಳಿದವಳು ನಾನು, ಈಗ ನನ್ನ ಕೈಯಲ್ಲಿ ಏನೂ ಆಗುತ್ತಿಲ್ಲ.

ನಿನಗೆ ತಿಳಿದ ಹಾಗೆ ಮಾಡು. ನಾನು ತಪ್ಪು ತಿಳಿಯುವುದಿಲ್ಲ.

ಶಿವಗಂಗಾ


ನಿಪ್ಪಾಣಿ
೨೯ ಡಿಸೆಂಬರ್ ೧೯೮೮

ಅಕ್ಕಾ,

ಹೇಳಿದೆ. ನಿನ್ನ ಹೆಸರು ಹೇಳಲಿಲ್ಲ, ಹೆದರಬೇಡ.

ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಯಿ ಪಕ್ಕದಲ್ಲಿ ಕೂತು ಅವರೆ ಬಿಡಿಸುತ್ತಿದ್ದಳು. ನಾನು ದೊಡ್ಡವಳಾಗಿ ವರ್ಷದ ಮೇಲಾಯಿತು, ಚನ್ನಿಯನ್ನು ಬಿಡಿ ಅಂದೆ. ಏನಾಗಬಹುದು ಅಂತ ಎಷ್ಟು ಬಗೆಯಲ್ಲಿ ಯೋಚಿಸಿದ್ದೆ, ಹೊಡೆಯುತ್ತಾರೆ, ಅಳುತ್ತಾರೆ ಅಂತ. ಅವರು ನಂಬಲೇ ಇಲ್ಲ. ಆಯಿ ನಕ್ಕಳು. "ತಂಗೀ ಸೀರಿ ನೋಡಿ ಹೊಟ್ಟಿ ಉರೀತೇನ?" ಅಂದಳು. ಅವ್ವನೂ ಸುಳ್ಳು ಹೇಳಬೇಡ ಅಂತ ಮೆಲ್ಲಗೆ ಅಂದು ರೊಟ್ಟಿ ಮಗುಚಿದಳು. ಒಂದು ವರ್ಷ ನಾನು ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆ ನೋಡು, ನಿಜ ಹೇಳಿದರೆ ಯಾರಿಗೂ ನಾಟಲಿಲ್ಲ.

ಇನ್ನು ನನ್ನ ಮೈಯೇ ಸಾಕ್ಷಿ ಹೇಳಬೇಕಿತ್ತು. ಈ ತಿಂಗಳು ಅದು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಒಪ್ಪತ್ತಿನಿಂದಲೋ, ಕಷಾಯದಿಂದಲೋ, ಚಿಂತೆಯಿಂದಲೋ ತಿಳಿಯದು. ಬರಬೇಡ ಬರಬೇಡ ಅಂತ ವರ್ಷವಿಡೀ ಬೇಡಿಕೊಂಡಿದ್ದನ್ನು ಈಗ ಬಾ ಅಂತ ಬೇಡುತ್ತ ಕೂತೆ. ಅತ್ತ ಸಕ್ಕರೆ ಹಂಚುವ ದಿನ ಹತ್ತಿರ ಬರುತ್ತಿತ್ತು, ಚನ್ನಿ ಬಳೆಗಳನ್ನು ಎಣಿಸುತ್ತಿದ್ದಳು.

ಕೊನೆಗೆ ಬಂತು. ಈ ಸಲ ಬಚ್ಚಿಡಲು ನಾನು ನೂರಜಾನಳ ಮನೆಗೆ ಹೋಗಲಿಲ್ಲ. ಬಟ್ಟೆ ಒಗೆದು ಅಂಗಳದ ತಂತಿಯ ಮೇಲೆ, ಅಪ್ಪನ ಧೋತರದ ಪಕ್ಕಕ್ಕೆ, ಹಾಡುಹಗಲೇ ಹರವಿದೆ. ಕಲೆ ಪೂರ್ತಿ ಹೋಗದ ಹಾಗೆಯೇ ಒಗೆದಿದ್ದೆ. ಸುಂದರಾಬಾಯಿ ಕಟ್ಟೆಯ ಮೇಲೆ ನಿಂತು ನೋಡಿದಳು. ನೋಡಲಿ ಅಂತ ನಾನೂ ನಿಂತೆ.

ಅವ್ವ ಹೊರಗೆ ಬಂದಳು. ತಂತಿಯಿಂದ ಬಟ್ಟೆ ಎಳೆದು ನನ್ನನ್ನು ತಂಬಾಕಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಆ ಘಾಟಿಗೆ ಇಬ್ಬರಿಗೂ ಕಣ್ಣಲ್ಲಿ ನೀರು. ಹೊಡೆಯಲಿಲ್ಲ.

"ವರ್ಷ ಪೂರ್ತಿ ಒಬ್ಬಾಕೀನ ಇದನ್ನ ಹೊತಗೊಂಡ ತಿರಿಗಿದೇನ?" ಅಂದಳು. ಆಮೇಲೆ, "ನಾ ನಿನಗ ಕಹಿ ಕುಡಿಸಿದೆನಲ್ಲ ಯವ್ವಾ" ಅಂತ ನನ್ನ ಗದ್ದ ಹಿಡಿದಳು. ಶಾಲೆ ಅಷ್ಟು ಬೇಕಾಗಿತ್ತೇ ಅಂತ ಕೇಳಿದಳು.

ಹೊರಗೆ ಬಂದು ಅವ್ವ ಆಯಿಗೆ ಹೇಳಿದ್ದು ಇಷ್ಟು: ಮಂಗಲಾ ಇವತ್ತು ದೊಡ್ಡವಳಾದಳು, ತೊಟ್ಟಿಲಲ್ಲಿ ಕೊಟ್ಟ ಮಾತು ಅವಳದು, ಅಕ್ಕ ಇರುವಾಗ ತಂಗಿಯನ್ನು ಕೊಡುವುದಿಲ್ಲ. ಇವತ್ತು ಅಂದಳು ಅಕ್ಕಾ, ವರ್ಷದ ಮಾತು ಎತ್ತಲೇ ಇಲ್ಲ. ಆಯಿಗೆ ಖುಷಿಯೋ ಖುಷಿ. ನಾಳೆಯೇ ಮುಹೂರ್ತ ಇಡಿಸುತ್ತೇನೆ ಅಂದಾಗ ಅವ್ವ ಹುಟ್ಟಿದಾಗಿನಿಂದ ಮೊದಲ ಸಲ ತನ್ನ ತಾಯಿಗೆ ಎದುರು ಮಾತಾಡಿದಳು. "ಪರೀಕ್ಷಾ ಆಗೂ ತನಕಾ ಅಕ್ಕಿಕಾಳ ಬೀಳೂದಿಲ್ಲ" ಅಂದಳು.

ಅಷ್ಟು ಸಿಕ್ಕಿತು ನನಗೆ, ಒಂದು ಪರೀಕ್ಷೆ.

ಹೊಸ ಸೀರೆ ಯಾಕೆ ಅಂತ ಚನ್ನಿಯ ಸೀರೆಯನ್ನೇ ಪೆಟ್ಟಿಗೆಯಿಂದ ತೆಗೆದು ನನಗೆ ಉಡಿಸುತ್ತಾರೆ. ಚನ್ನಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನೀನು ಆರತಿಗೆ ಬರಬೇಕಂತೆ, ಕರೆಯಲು ಅಪ್ಪ ಬರುತ್ತಾನೆ. ಹೊಸ ಸುದ್ದಿ ಕೇಳಿದವರ ಹಾಗೆ ಮುಖ ಮಾಡುವುದನ್ನು ಈಗಲೇ ಕಲಿತುಕೋ.

ಮಂಗಲಾ


ಸತ್ತಿ
೧೮ ಜನವರಿ ೧೯೮೯

ಮಂಗಲಾ,

ಊರಿಂದ ಬಂದಾಗಿನಿಂದ ಅದೇ ಕಣ್ಣ ಮುಂದೆ ಇದೆ. ನೀನು ಮಖರದಲ್ಲಿ ಕೂತಿದ್ದೆ, ನಾನು ಆರತಿ ತಟ್ಟೆ ಹಿಡಿದು ಹಾಡಿದೆ, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ. ನೀನೇ ನನ್ನ ಮುಂಗೈ ಹಿಡಿದೆ, ದೀಪ ಅಲ್ಲಾಡದಿರಲಿ ಅಂತ.

ಇವತ್ತು ಜ್ಞಾನದೇವನ ಸೊಂಟದ ಸೀರೆ ಬಿಚ್ಚಿ ಹಾಕಿದೆ. ಕಳೆಗೆ ಹೋಗುವಾಗ ಜೊತೆಗೆ ಒಯ್ದೆ. ಅತ್ತೆ ಗೊಣಗಿದರು. ಅವನು ಮಣ್ಣು ತಿಂದ, ಬಿದ್ದ, ಮಂಡಿ ಕೆತ್ತಿಸಿಕೊಂಡ.

ಓದು. ನಿನ್ನ ಕೈಯಲ್ಲಿ ಉಳಿದಿರುವ ದಿನಗಳಲ್ಲಿ ಓದು.

ನಿನ್ನ ಅಕ್ಕ,
ಶಿವಗಂಗಾ


ಕೊಗನೊಳ್ಳಿ
೧೧ ಜೂನ್ ೧೯೮೯

ಉಗಾರ ಬುದ್ರುಕದಲ್ಲಿ ಮಾವನ ಮನೆ ಸೇರಿದ ಮಂಗಲಕ್ಕನಿಗೆ,

ನಾನು ನಿನಗೆ ಕಾಗದ ಬರೆಯಬಾರದು ಅಂತ ಇದ್ದೆ. ಅವ್ವ ಬರಿ ಅಂತ ಹಿಂದೆ ಬಿದ್ದಿದ್ದಾಳೆ, ಅವಳಿಗೆ ಬರೆಯಲು ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಾತು ಬಿಟ್ಟದ್ದು ಬಿಟ್ಟದ್ದೇ.

ಮೊದಲು ಅವ್ವ ಹೇಳಿದ್ದು. ನಿನ್ನ ನಂಬರು ಪೇಪರಿನಲ್ಲಿ ಬಂದಿದೆ, ಫಸ್ಟ್ ಕ್ಲಾಸ್. ಅಪ್ಪ ನಿಪ್ಪಾಣಿಯಿಂದ ಪೇಪರ್ ತಂದು ಅಂಗಳದಲ್ಲಿ ನಿಂತು ಓದಿದ. ಒಂದೇ ನಂಬರನ್ನು ಎಷ್ಟು ಸಲ ಓದುವುದು? ಅವ್ವ ಆ ಪೇಪರನ್ನು ಮಡಚಿ ನಿನ್ನ ಕಷಾಯದ ಬಟ್ಟಲಿನ ಕೆಳಗೆ ಇಟ್ಟಿದ್ದಾಳೆ. ಆ ಬಟ್ಟಲಲ್ಲಿ ಈಗ ಯಾರಿಗೂ ಏನೂ ಕುಡಿಯಲು ಕೊಡುವುದಿಲ್ಲ.

ಇನ್ನು ನನ್ನ ಮಾತು. ನಿನ್ನಿಂದ ನನ್ನ ಸೀರೆ ಹೋಯಿತು, ಬಳೆ ಹೋಯಿತು, ಟ್ರ್ಯಾಕ್ಟರಿನ ಮೇಲೆ ಕೂಡುವುದೂ ಹೋಯಿತು. ಏಳನೆಯ ಪರೀಕ್ಷೆಗೆ ಅವ್ವ ನನ್ನನ್ನು ಕೈ ಹಿಡಿದು ಕರೆದೊಯ್ದು ಕೂಡಿಸಿದಳು, ಹೆಂಗೋ ಪಾಸಾದೆ. ಈಗ ಎಂಟನೆಯ ತರಗತಿಗೆ ನಿಪ್ಪಾಣಿಗೆ ಹೋಗಬೇಕು. ನಿನ್ನ ಹಳೆಯ ಪುಸ್ತಕಗಳನ್ನೇ ಕೊಟ್ಟಿದ್ದಾರೆ. ಎಲ್ಲ ಪುಟದ ಮೇಲೂ ನಿನ್ನ ಹೆಸರು, ಭೂಗೋಳದ ಪುಸ್ತಕದಲ್ಲಿ ಶಿವಗಂಗಕ್ಕನ ಹೆಸರೂ ಇದೆ. ನನ್ನ ಹೆಸರು ಬರೆಯಲು ಜಾಗವಿಲ್ಲ. ಗಣಿತ ನನಗೆ ತಿಳಿಯುವುದಿಲ್ಲ. ಬಸ್ಸಿನಲ್ಲಿ ನೂರಜಾನಕ್ಕ ಸಿಕ್ಕರೆ ನನ್ನ ಕೆನ್ನೆ ಹಿಂಡುತ್ತಾಳೆ, ಯಾಕೋ ಕಣ್ಣೀರು ಹಾಕುತ್ತಾಳೆ.

ಇನ್ನೊಂದು. ಹೋದ ವಾರ ಆಯಿ ಬಂದಿದ್ದಳು. ರಾಯಬಾಗದಲ್ಲಿ ಒಂದು ಹುಡುಗ ಇದ್ದಾನೆ, ಚನ್ನವ್ವನಿಗೆ ಆಗುತ್ತದೆ ಅಂದಳು. ನಾನು ಕಂಬದ ಹಿಂದೆ ನಿಂತು ಕೇಳಿದೆ. ಅವ್ವ ಅಂದಳು, "ಚನ್ನೀದ ಮೈ ಇನ್ನೂ ಕುಂತಿಲ್ಲ ಯವ್ವಾ. ಒಮ್ಮೆ ಆಗಿ ನಿಂತಬಿಟ್ಟೈತಿ. ಚಿಕ್ಕೋಡಿ ಡಾಕ್ಟರ್ ಬಾಯಿ ಹೇಳ್ಯಾಳ, ಹತ್ತನೇದ ಮುಗಿಯೂ ತನಕಾ ಲಗ್ನದ ಮಾತ ಎತ್ತಬ್ಯಾಡ್ರಿ ಅಂತ." ಆಯಿ ಹಣೆ ಬಡಿದುಕೊಂಡು ಹೋದಳು.

ಅಕ್ಕಾ, ನನಗೆ ತಿಂಗಳಿಗೊಮ್ಮೆ ಸರಿಯಾಗಿ ಆಗುತ್ತಿದೆ. ಬಟ್ಟೆ ಒಗೆಯುವವಳು ಅವ್ವನೇ. ಅದನ್ನು ಹಿತ್ತಲಿನಲ್ಲಿ ಗೋಣಿಚೀಲದ ಕೆಳಗೆ ಒಣಗಿಸುತ್ತಾಳೆ, ಯಾರಿಗೂ ಹೇಳಬೇಡ ಅನ್ನುತ್ತಾಳೆ. ಡಾಕ್ಟರ್ ಬಾಯಿಯ ಹತ್ತಿರ ನಾವು ಹೋಗೇ ಇಲ್ಲ. ನಾನು ಸುಳ್ಳು ಹೇಳಿದರೆ ಬೆನ್ನು ಮುರಿಯುವ ಅವ್ವ ತಾನೇ ಯಾಕೆ ಹೀಗೆ ಸುಳ್ಳು ಹೇಳಿದಳು? ಕೇಳಿದರೆ, ಮಂಗಲಕ್ಕನನ್ನೇ ಕೇಳು ಅಂದಳು.

ನಿನ್ನ ಮೇಲೆ ಇನ್ನೂ ಸಿಟ್ಟಾಗಿರುವ,
ಚನ್ನವ್ವ